ಬೆಂಜೀನ್ ಉಂಗುರದ ಮೇಲೊಂದು ಫ್ಲೋರಿನ್

1886ರ ಜೂನ್ 26ರಂದು ಪ್ಯಾರಿಸ್ಸಿನಲ್ಲಿ ಹೆನ್ರಿ ಮೊಯ್ಸಾನ್ ಫ್ಲೋರಿನ್ ಅನಿಲವನ್ನು ಮೊದಲ ಸಲ ಬೇರ್ಪಡಿಸಿದರು. ಅದಕ್ಕೂ ಹಿಂದೆ ಅದೇ ಹಟ ಹಿಡಿದಿದ್ದ ಬೆಲ್ಜಿಯಂನ ಪೋಲಿನ್ ಲುಯೆ, ಫ್ರಾನ್ಸಿನ ಜೆರೋಮ್ ನಿಕ್ಲೆಸ್ ಪ್ರಾಣ ತೆತ್ತಿದ್ದರು. ಐರ್ಲೆಂಡಿನ ನಾಕ್ಸ್ ಸಹೋದರರು ಹೈಡ್ರೋಜನ್ ಫ್ಲೋರೈಡಿನ ವಿಷ ತಗಲಿ ನರಳಿದ್ದರು. ಸೋಜಿಗವೆಂದರೆ, ಅದೇ 1886ರಲ್ಲಿ ಜರ್ಮನಿಯ ಬಾನ್ ವಿಶ್ವವಿದ್ಯಾಲಯದಲ್ಲಿ ಒಟ್ಟೊ ವಾಲಾಖ್ ಫ್ಲೋರಿನ್ ಅನಿಲದ ಗೊಡವೆಗೇ ಹೋಗದೆ ಬೆಂಜೀನ್ ಉಂಗುರಕ್ಕೆ ಒಂದು ಫ್ಲೋರಿನ್ ಪರಮಾಣುವನ್ನು ಕೂಡಿಸಿದ್ದರು. ಬೆಂಜೀನಿನ ಡಯಜೋನಿಯಂ ಲವಣವನ್ನು ಪಿಪೆರಿಡಿನ್ ಜೊತೆ ಸೇರಿಸಿ, ಬಂದ ಸಂಯುಕ್ತವನ್ನು ಹೈಡ್ರೊಫ್ಲೋರಿಕ್ ಆಮ್ಲದಿಂದ ಸೀಳಿದಾಗ ಅವರಿಗೆ ಸಿಕ್ಕ ಬಣ್ಣವಿಲ್ಲದ ದ್ರವವೇ ಫ್ಲೋರೊಬೆಂಜೀನ್.

ಫ್ಲೋರಿನ್ ಅನಿಲವನ್ನು ಬೆಂಜೀನಿಗೆ ನೇರವಾಗಿ ತಾಗಿಸಿದರೆ ಕ್ರಿಯೆ ಹತೋಟಿ ತಪ್ಪುತ್ತದೆ, ಉಂಗುರವೇ ಛಿದ್ರವಾಗುತ್ತದೆ. ಕ್ಲೋರಿನ್, ಬ್ರೋಮಿನ್‌ಗಳನ್ನು ಕೂಡಿಸುವ ಮಾಮೂಲು ದಾರಿ ಇಲ್ಲಿ ಮುಚ್ಚಿದೆ. ವಾಲಾಖ್ ಹಿಡಿದ ಸುತ್ತುದಾರಿಯೇ ಮುಂದೆ ಈ ಕ್ಷೇತ್ರದ ಹೆದ್ದಾರಿಯಾಯಿತು. ಇಂದು ಫ್ಲೋರಿನ್ ಹೊತ್ತ ಬೆಂಜೀನ್ ಉಂಗುರಗಳು ಕೊಲೆಸ್ಟರಾಲ್ ಮಾತ್ರೆಯಲ್ಲಿವೆ, ಕ್ಷಯರೋಗದ ಔಷಧದಲ್ಲಿವೆ, ಸೊಳ್ಳೆ ಓಡಿಸುವ ದ್ರವದಲ್ಲಿವೆ, ಟೆಲಿವಿಷನ್ ಪರದೆಯೊಳಗಿವೆ. ಇನ್ನೊಂದು ಕಡೆ, ಪಿಎಫ್‌ಎಎಸ್ ಎಂಬ ಹೆಸರಿನಲ್ಲಿ ಸುದ್ದಿಯಾಗುತ್ತಿರುವ, ಮಣ್ಣು–ನೀರುಗಳಲ್ಲಿ ಕೊಳೆಯದೆ ಉಳಿಯುವ ‘ಶಾಶ್ವತ ರಾಸಾಯನಿಕ’ಗಳ ಭಯದಿಂದ ಫ್ಲೋರಿನ್ ಎಂಬ ಹೆಸರು ಕೇಳಿದರೇ ಜನ ಹಿಂಜರಿಯುವಂತಾಗಿದೆ. ಫ್ಲೋರಿನ್ ಇದ್ದರೆ ಔಷಧ ಉತ್ತಮ ಎನ್ನುವ ಉತ್ಸಾಹವೂ, ಫ್ಲೋರಿನ್ ಇದ್ದರೆ ವಿಷ ಎನ್ನುವ ಅಂಜಿಕೆಯೂ ಒಂದೇ ತಪ್ಪನ್ನು ಮಾಡುತ್ತವೆ ಎಂಬುದು ನನ್ನ ವಾದ. ಉಂಗುರದ ಮೇಲಿನ ಫ್ಲೋರಿನ್ ಹೇಗೆ ನಡೆದುಕೊಳ್ಳುತ್ತದೆ ಎನ್ನುವುದನ್ನು ಅದು ಕುಳಿತ ಜಾಗ ಮತ್ತು ಅಕ್ಕಪಕ್ಕದ ಗುಂಪುಗಳು ತೀರ್ಮಾನಿಸುತ್ತವೆ. ಫ್ಲೋರಿನ್ ಒಂದೇ ಅಲ್ಲ.

ಸರಳವಾದ ಫ್ಲೋರೊಬೆಂಜೀನಿನಿಂದಲೇ ಶುರುಮಾಡೋಣ. ಆರು ಇಂಗಾಲ, ಐದು ಜಲಜನಕ, ಒಂದು ಫ್ಲೋರಿನ್, ಅಣುತೂಕ 96. ಸಾಂದ್ರತೆ ನೀರಿನದಕ್ಕಿಂತ ಚೂರು ಹೆಚ್ಚು. ನೀರಿನಲ್ಲಿ ಕರಗುವುದು ತೀರಾ ಅಲ್ಪ. ಮೈನಸ್ 42 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ, 85 ಡಿಗ್ರಿಯಲ್ಲಿ ಕುದಿಯುತ್ತದೆ. ಈ ಕೊನೆಯ ಅಂಕಿಯ ಹತ್ತಿರ ಸ್ವಲ್ಪ ನಿಲ್ಲಬೇಕು. ಬೆಂಜೀನ್ ಕುದಿಯುವುದು 80 ಡಿಗ್ರಿಯಲ್ಲಿ. ಜಲಜನಕದ ಜಾಗಕ್ಕೆ ಕ್ಲೋರಿನ್ ಬಂದರೆ ಅದು 132 ಡಿಗ್ರಿಗೆ ಏರುತ್ತದೆ, ಬ್ರೋಮಿನ್ ಬಂದರೆ 156ಕ್ಕೆ, ಅಯೋಡಿನ್ ಬಂದರೆ 188ಕ್ಕೆ. ಫ್ಲೋರಿನ್ ಬಂದರೆ ಅಣುತೂಕ 18ರಷ್ಟು ಹೆಚ್ಚಿಯೂ ಕುದಿಬಿಂದು ಐದೇ ಡಿಗ್ರಿ ಮೇಲೇರುತ್ತದೆ. ಫ್ಲೋರಿನ್ ತನ್ನ ಎಲೆಕ್ಟ್ರಾನ್‌ಗಳನ್ನು ಬಹಳ ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದೇ ಇದಕ್ಕೆ ಕಾರಣ. ಪಕ್ಕದ ಅಣುವಿನ ಸೆಳೆತಕ್ಕೆ ಆ ಎಲೆಕ್ಟ್ರಾನ್ ಮೋಡ ಬಾಗುವುದಿಲ್ಲ, ಅಣು–ಅಣುಗಳ ನಡುವಿನ ಆಕರ್ಷಣೆ ಬೆಳೆಯುವುದಿಲ್ಲ. ಗಾತ್ರದಲ್ಲೂ ಫ್ಲೋರಿನ್ ಜಲಜನಕಕ್ಕಿಂತ ಸ್ವಲ್ಪ ಮಾತ್ರ ದೊಡ್ಡದು. ಕಿಣ್ವದಂಥ ದೊಡ್ಡ ಅಣುವಿನ ಬಿಲದೊಳಗೆ ಜಲಜನಕ ಕೂರುವ ಕಡೆ ಫ್ಲೋರಿನ್ ಕೂಡ ಹೆಚ್ಚೇನೂ ಒದ್ದಾಡದೆ ಕೂರಬಲ್ಲದು. ಔಷಧ ರಸಾಯನಶಾಸ್ತ್ರಜ್ಞರು ಇದನ್ನು ಇಷ್ಟಪಡುವುದಕ್ಕೆ ಇದೊಂದು ಮುಖ್ಯ ಕಾರಣ.

ಈ ದ್ರವ ಪಕ್ಕಾ ಬೆಂಕಿಪ್ರೇಮಿ. ಮೈನಸ್ 15 ಡಿಗ್ರಿಯಲ್ಲೇ ಇದರ ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಆವಿ ಗಾಳಿಗಿಂತ ಮೂರು ಪಟ್ಟಿಗೂ ಮಿಗಿಲು ಭಾರವಾದ್ದರಿಂದ ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ತಲುಪಬಲ್ಲದು. ಪ್ರಯೋಗಾಲಯದಲ್ಲಿ ಇದನ್ನು ಬಳಸುವ ವಿದ್ಯಾರ್ಥಿಗಳು ‘ಫ್ಲೋರಿನ್ ಇದೆ, ಉರಿಯಲಾರದು’ ಎಂದುಕೊಳ್ಳಬಾರದು.

ಎಲೆಕ್ಟ್ರಾನ್ ಸೆಳೆಯುವ ಶಕ್ತಿಯಲ್ಲಿ ಎಲ್ಲ ಧಾತುಗಳಿಗೂ ಫ್ಲೋರಿನ್ನೇ ಮೇಲು. ಪಾಲಿಂಗ್ ಅಳತೆಗೋಲಿನಲ್ಲಿ ಅದರ ವಿದ್ಯುದೃಣತ್ವ 3.98. ಹಾಗಿದ್ದ ಮೇಲೆ ಉಂಗುರದ ಎಲೆಕ್ಟ್ರಾನ್‌ಗಳನ್ನೆಲ್ಲ ಹೀರಿ ಅದನ್ನು ಬಡವಾಗಿಸಬೇಕಿತ್ತು. ಆದರೆ ಫ್ಲೋರಿನ್ ಒಂದು ಕೈಯಲ್ಲಿ ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ಕೊಡುವ ಸಾಹುಕಾರನಂತೆ. ಬಂಧದ ಮೂಲಕ ಎಳೆದುಕೊಳ್ಳುತ್ತದೆ. ತನ್ನ ಬಳಿಯಿರುವ ಒಂಟಿ ಜೋಡಿ ಎಲೆಕ್ಟ್ರಾನ್‌ಗಳನ್ನು ಉಂಗುರದ ಪೈ ಮೋಡಕ್ಕೆ ಮರಳಿ ಹಂಚುತ್ತದೆ. ಈ ಎರಡೂ ಹೆಚ್ಚುಕಡಿಮೆ ಸರಿದೂಗುವುದರಿಂದ ನೈಟ್ರೇಷನ್‌ನಂಥ ಕ್ರಿಯೆಗಳಲ್ಲಿ ಫ್ಲೋರೊಬೆಂಜೀನ್ ಬೆಂಜೀನಿನ ಹತ್ತಿರ ಹತ್ತಿರದ ವೇಗದಲ್ಲೇ ವರ್ತಿಸುತ್ತದೆ, ಕ್ಲೋರೊಬೆಂಜೀನಿನಷ್ಟು ಹಿಂದೆ ಬೀಳುವುದಿಲ್ಲ. ಹೊಸ ಗುಂಪು ಬಂದು ಕೂರುವುದು ಬಹುಪಾಲು ಎದುರು ತುದಿಯ ಪ್ಯಾರಾ ಸ್ಥಾನದಲ್ಲಿ. ಬೇರೆ ಬೇರೆ ಸ್ಥಾನಗಳ ಕಲಬೆರಕೆ ಕಡಿಮೆ ಸಿಗುವ ಈ ಗುಣದ ಮೇಲೆ ದೊಡ್ಡ ಉದ್ಯಮವೇ ನಿಂತಿದೆ.

ಈಗ ಈ ವಿಷಯದ ಹೃದಯಕ್ಕೆ ಬರೋಣ. ಬೆಂಜೀನ್ ಉಂಗುರದ ಇಂಗಾಲಕ್ಕೂ ಫ್ಲೋರಿನ್‌ಗೂ ನಡುವಿನ ಬಂಧವನ್ನು ಮುರಿಯಲು ಮೋಲ್ ಒಂದಕ್ಕೆ ಸುಮಾರು 525 ಕಿಲೋಜೂಲ್ ಶಕ್ತಿ ಬೇಕು. ಇಂಗಾಲ ಕಟ್ಟುವ ಒಂಟಿ ಬಂಧಗಳಲ್ಲಿ ಇದು ಅತ್ಯಂತ ಗಟ್ಟಿಯಾದವುಗಳ ಸಾಲಿನದು. ಕಾಸ್ಟಿಕ್ ಸೋಡಾ ಹಾಕಿ ಕುದಿಸಿದರೂ ಫ್ಲೋರೊಬೆಂಜೀನ್ ಜಗ್ಗುವುದಿಲ್ಲ. ಆದರೆ ಅದೇ ಉಂಗುರದ ಮೇಲೆ, ಫ್ಲೋರಿನ್‌ಗೆ ಪಕ್ಕದ ಆರ್ಥೊ ಮತ್ತು ಎದುರಿನ ಪ್ಯಾರಾ ಸ್ಥಾನಗಳಲ್ಲಿ ಎರಡು ನೈಟ್ರೊ ಗುಂಪುಗಳನ್ನು ಕೂರಿಸಿ ನೋಡಿ. ಕೋಣೆಯ ಉಷ್ಣತೆಯಲ್ಲೇ, ಅಮೈನೊ ಆಮ್ಲವೊಂದು ಹತ್ತಿರ ಬಂದೊಡನೆ ಫ್ಲೋರಿನ್ ಜಾಗ ಬಿಟ್ಟುಕೊಡುತ್ತದೆ. ಕ್ಲೋರಿನ್ ಬಿಡುವುದಕ್ಕಿಂತ ನೂರಾರು ಪಟ್ಟು ವೇಗವಾಗಿ ಬಿಡುತ್ತದೆ.

ಗಟ್ಟಿ ಬಂಧ ಬೇಗ ಮುರಿಯುವುದು ಹೇಗೆ? ಈ ಬಗೆಯ ಕ್ರಿಯೆಯಲ್ಲಿ ಬಂಧ ಮುರಿಯುವುದು ಎರಡನೆಯ ಹಂತ. ಮೊದಲ ಹಂತದಲ್ಲಿ ಹೊಸ ಗುಂಪು ಬಂದು ಇಂಗಾಲಕ್ಕೆ ಅಂಟಬೇಕು, ಒಟ್ಟು ಕ್ರಿಯೆಯ ವೇಗವನ್ನು ಸಾಮಾನ್ಯವಾಗಿ ನಿರ್ಧರಿಸುವುದು ಆ ನಿಧಾನದ ಹಂತ. ಫ್ಲೋರಿನ್ ಎಲೆಕ್ಟ್ರಾನ್ ಎಳೆದುಕೊಂಡಿರುವುದರಿಂದ ಆ ಇಂಗಾಲ ಧನಾತ್ಮಕವಾಗಿ, ದಾಳಿಗೆ ತೆರೆದುಕೊಂಡಿರುತ್ತದೆ. ದಾಳಿಯ ನಂತರ ಹೆಚ್ಚುವರಿ ಎಲೆಕ್ಟ್ರಾನ್‌ಗಳನ್ನು ನೈಟ್ರೊ ಗುಂಪುಗಳು ಹೊತ್ತುಕೊಳ್ಳುತ್ತವೆ. ಅಲ್ಲಿಂದಾಚೆ ಫ್ಲೋರೈಡ್ ಅಯಾನಾಗಿ ಹೊರನಡೆಯುವುದು ಕಷ್ಟವೇನಲ್ಲ. ಎಲ್ಲ ಬಂಧಗಳನ್ನೂ ಮುರಿಯಲು ಬೇಕಾದ ಶಕ್ತಿಯಿಂದಲೇ ಅಳೆಯಬಾರದು ಎಂಬ ಪಾಠವನ್ನು ಪದವಿ ತರಗತಿಗಳಲ್ಲಿ ಇದಕ್ಕಿಂತ ಚೆನ್ನಾಗಿ ಕಲಿಸುವ ಉದಾಹರಣೆ ನನಗೆ ಕಾಣದು.

ಕೇಂಬ್ರಿಜ್‌ನಲ್ಲಿ ಫ್ರೆಡರಿಕ್ ಸ್ಯಾಂಗರ್ 1945ರಲ್ಲಿ ಬಳಕೆಗೆ ತಂದದ್ದು ಇದೇ ಡೈನೈಟ್ರೊಫ್ಲೋರೊಬೆಂಜೀನ್. ಇನ್ಸುಲಿನ್ ಸರಪಳಿಯ ತುದಿಯ ಅಮೈನೊ ಗುಂಪು ಫ್ಲೋರಿನ್ನನ್ನು ತಳ್ಳಿ ಆ ಜಾಗದಲ್ಲಿ ತಾನು ಕೂರುತ್ತದೆ. ಬಳಿಕ ಪ್ರೋಟೀನನ್ನು ಆಮ್ಲದಲ್ಲಿ ಕುದಿಸಿ ಪುಡಿಗಟ್ಟಿದರೂ ತುದಿಯ ಅಮೈನೊ ಆಮ್ಲ ಹಳದಿ ಗುರುತು ಹೊತ್ತು ಉಳಿದಿರುತ್ತದೆ. ಇನ್ಸುಲಿನ್‌ಗೆ ಗ್ಲೈಸೀನ್‌ನಿಂದ ಶುರುವಾಗುವ ಒಂದು ಸರಪಳಿ, ಫೀನೈಲ್‌ಅಲನೀನ್‌ನಿಂದ ಶುರುವಾಗುವ ಇನ್ನೊಂದು ಸರಪಳಿ ಎಂದು ಗೊತ್ತಾದದ್ದು ಹೀಗೆ. ಮುಂದೆ ಅದರ ಪೂರ್ತಿ ಅನುಕ್ರಮವನ್ನು ಬಿಡಿಸಿದ ಸ್ಯಾಂಗರ್ ಅವರಿಗೆ 1958ರಲ್ಲಿ ನೊಬೆಲ್ ಬಂತು. ಪ್ರೋಟೀನ್ ಎಂದರೆ ನಿಶ್ಚಿತ ಅನುಕ್ರಮವುಳ್ಳ ಅಣು ಎಂಬ ತಿಳಿವಿಗೆ ದಾರಿ ಮಾಡಿದವುಗಳಲ್ಲಿ, ಸುಲಭವಾಗಿ ಜಾಗ ಬಿಡುವ ಈ ಒಂದು ಫ್ಲೋರಿನ್ ಕೂಡ ಸೇರಿದೆ.

ಇದೇ ಗುಣ ಪ್ಲಾಸ್ಟಿಕ್ ಕಾರ್ಖಾನೆಗೂ ಬಂತು. ಬ್ರಿಟನ್ನಿನ ಐಸಿಐ ಕಂಪನಿಯ ರಸಾಯನಶಾಸ್ತ್ರಜ್ಞರು 1978ರಲ್ಲಿ ‘ಪೀಕ್’ ಎಂಬ ಪಾಲಿಮರ್ ತಯಾರಿಸಿದರು. ಎರಡು ಫ್ಲೋರೊಬೆಂಜೀನ್ ಉಂಗುರಗಳನ್ನು ಕಾರ್ಬೊನಿಲ್ ಗುಂಪಿನಿಂದ ಜೋಡಿಸಿದ ಡೈಫ್ಲೋರೊಬೆಂಜೊಫೀನೋನ್ ಇದರ ಒಂದು ಕಚ್ಚಾವಸ್ತು, ಹೈಡ್ರೊಕ್ವಿನೋನ್ ಇನ್ನೊಂದು. 300 ಡಿಗ್ರಿಗೂ ಮೇಲಿನ ಶಾಖದಲ್ಲಿ ಇವು ಸರಪಳಿಯಾಗುವಾಗ ಪ್ರತಿ ಕೊಂಡಿಯಲ್ಲೂ ಫ್ಲೋರಿನ್ ಹೊರಬೀಳುತ್ತದೆ. 343 ಡಿಗ್ರಿವರೆಗೆ ಕರಗದೆ ನಿಲ್ಲುವ, ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಲ್ಲೂ ವಿಮಾನದ ಬಿಡಿಭಾಗಗಳಲ್ಲೂ ಬಳಕೆಯಾಗುವ ಪೀಕ್‌ನ ಸರಪಳಿಯಲ್ಲಿ ಫ್ಲೋರಿನ್ ಉಳಿಯುವುದೇ ಇಲ್ಲ. ಕಟ್ಟುವ ಕೆಲಸ ಮುಗಿಸಿ ಅದು ಹೋಗಿರುತ್ತದೆ.

ಹೋಗುವ ಫ್ಲೋರಿನ್, ಉಳಿಯುವ ಫ್ಲೋರಿನ್ ಎರಡನ್ನೂ ಒಂದೇ ಅಣುವಿನಲ್ಲಿ ನೋಡಬೇಕೆಂದರೆ ಲೆವೊಫ್ಲಾಕ್ಸಸಿನ್ ತಯಾರಿಕೆಯನ್ನು ನೋಡಬೇಕು. ಮಾಮೂಲು ಮದ್ದುಗಳಿಗೆ ಬಗ್ಗದ ಕ್ಷಯಕ್ಕೆ ಕೊಡುವ ಔಷಧಗಳಲ್ಲಿ ಇದೂ ಒಂದು. ಜಪಾನಿನ ದೈಇಚಿ ಕಂಪನಿ ಹೊರತಂದ ಈ ಔಷಧಕ್ಕೆ ಆರಂಭವಸ್ತು ನಾಲ್ಕು ಫ್ಲೋರಿನ್‌ಗಳಿರುವ ಬೆಂಜೋಯಿಕ್ ಆಮ್ಲ. ಮೊದಲು ಸಾರಜನಕ ಬಂದು ಒಂದು ಫ್ಲೋರಿನ್ನನ್ನು ತಳ್ಳಿ ಕ್ವಿನೊಲೋನ್ ಉಂಗುರವನ್ನು ಮುಚ್ಚುತ್ತದೆ. ಆಮ್ಲಜನಕ ಇನ್ನೊಂದನ್ನು ತಳ್ಳಿ ಮೂರನೆಯ ಉಂಗುರ ಕಟ್ಟುತ್ತದೆ. ಬಳಿಕ ಪಿಪೆರಜೀನ್ ಮತ್ತೊಂದನ್ನು ಹೊರಗಟ್ಟುತ್ತದೆ. ಉಳಿದ ಒಂದೇ ಒಂದು ಫ್ಲೋರಿನ್ ಕಾರ್ಬೊನಿಲ್‌ಗೆ ಆರ್ಥೊದಲ್ಲೂ ಇಲ್ಲ, ಪ್ಯಾರಾದಲ್ಲೂ ಇಲ್ಲ. ಅಲ್ಲಿ ಎಲೆಕ್ಟ್ರಾನ್ ಹೊತ್ತುಕೊಳ್ಳುವವರಿಲ್ಲದ ಕಾರಣ ಅದು ಅಲುಗದು. ಬ್ಯಾಕ್ಟೀರಿಯಾದ ಡಿಎನ್‌ಎ ಸುರುಳಿ ಬಿಡಿಸುವ ಕಿಣ್ವವನ್ನು ತಡೆಯುವ ಶಕ್ತಿಯನ್ನು ಔಷಧಕ್ಕೆ ಹೆಚ್ಚಿಸಿಕೊಡುವುದು ಹೀಗೆ ಉಳಿದ ಆ ಫ್ಲೋರಿನ್. ಒಂದೇ ಉಂಗುರ, ನಾಲ್ಕು ಫ್ಲೋರಿನ್, ನಾಲ್ಕಕ್ಕೂ ಬೇರೆ ಬೇರೆ ಗತಿ. ಫ್ಲೋರಿನ್ ಹೇಗಿರುತ್ತದೆ ಎಂದು ಒಂದೇ ಮಾತಿನಲ್ಲಿ ಹೇಳಹೊರಟವರಿಗೆ ಈ ಅಣುವೇ ಉತ್ತರ.

ಫ್ಲೋರಿನ್ ಇಲ್ಲದ ಅದರ ಪೂರ್ವಜ ನ್ಯಾಲಿಡಿಕ್ಸಿಕ್ ಆಮ್ಲ 1962ರಲ್ಲೇ ಬಂದಿತ್ತು. ಮೂತ್ರದ ಸೋಂಕಿನಾಚೆಗೆ ಅದು ಹೆಚ್ಚು ಕೆಲಸಕ್ಕೆ ಬರಲಿಲ್ಲ. ಆರನೆಯ ಸ್ಥಾನಕ್ಕೆ ಫ್ಲೋರಿನ್, ಏಳನೆಯದಕ್ಕೆ ಪಿಪೆರಜೀನ್ ಬಂದ ನಾರ್‌ಫ್ಲಾಕ್ಸಸಿನ್, ಆಮೇಲೆ ಸಿಪ್ರೊಫ್ಲಾಕ್ಸಸಿನ್ ಬಂದಾಗ ಚಿತ್ರವೇ ಬದಲಾಯಿತು. ನಮ್ಮ ಊರುಗಳ ಔಷಧ ಅಂಗಡಿಯಲ್ಲಿ ‘ಸಿಪ್ರೊ’ ಎಂದು ಕೇಳಿ ಪಡೆಯುವಷ್ಟು ಅದು ಮನೆಮಾತಾಯಿತು. ಅಷ್ಟು ಸುಲಭವಾಗಿ ಸಿಕ್ಕದ್ದೇ ಮುಳುವೂ ಆಯಿತು. ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಈಗ ಎಲ್ಲೆಡೆ ಇವೆ. ಸ್ನಾಯುರಜ್ಜು ಹರಿಯುವ ಅಪಾಯದ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು 2008ರಲ್ಲಿ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದರು.

ಔಷಧದಲ್ಲಿ ಉಂಗುರದ ಫ್ಲೋರಿನ್ ಮಾಡುವ ಇನ್ನೊಂದು ಕೆಲಸ ಕಾವಲು. ನಮ್ಮ ಯಕೃತ್ತಿನ ಕಿಣ್ವಗಳು ಬೆಂಜೀನ್ ಉಂಗುರ ಕಂಡರೆ ಸಾಮಾನ್ಯವಾಗಿ ಪ್ಯಾರಾ ಸ್ಥಾನದಲ್ಲಿ ಆಮ್ಲಜನಕ ಸೇರಿಸಿ ಅದನ್ನು ನೀರಿಗೆ ಒಗ್ಗುವಂತೆ ಮಾಡಿ ಹೊರಹಾಕುತ್ತವೆ. ಆ ಜಾಗದಲ್ಲಿ ಫ್ಲೋರಿನ್ ಕುಳಿತಿದ್ದರೆ ಕಿಣ್ವಕ್ಕೆ ಹಿಡಿತ ಸಿಗದು. ಔಷಧ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಕರುಳಿನಲ್ಲಿ ಕೊಲೆಸ್ಟರಾಲ್ ಹೀರಿಕೆ ತಡೆಯುವ ಎಜೆಟಿಮೈಬ್ ಇದಕ್ಕೆ ಪಾಠದಂತಿರುವ ಉದಾಹರಣೆ. ಷೆರಿಂಗ್-ಪ್ಲೌ ಕಂಪನಿಯ ಸಂಶೋಧಕರು ತಮ್ಮ ಮೊದಲ ಅಣು ದೇಹದಲ್ಲಿ ಎಲ್ಲೆಲ್ಲಿ ಬದಲಾಗುತ್ತದೆಂದು ಗುರುತಿಸಿದರು. ಯಾವ ಬದಲಾವಣೆ ಔಷಧವನ್ನು ಚುರುಕುಗೊಳಿಸುತ್ತದೋ ಅದನ್ನು ತಾವೇ ಮಾಡಿಕೊಂಡರು, ಯಾವುದು ಹಾಳುಗೆಡಹುತ್ತದೋ ಆ ಎರಡು ಕಡೆ ಫ್ಲೋರಿನ್ ಕೂರಿಸಿ ಬಾಗಿಲು ಹಾಕಿದರು. 2002ರಲ್ಲಿ ಮಾರುಕಟ್ಟೆಗೆ ಬಂದ ಮಾತ್ರೆ ದಿನಕ್ಕೆ 10 ಮಿಲಿಗ್ರಾಂ ಸಾಕು. ಅದರ ಜೊತೆ ವೈದ್ಯರು ಬರೆಯುವ ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಎರಡರಲ್ಲೂ ಪ್ಯಾರಾ ಸ್ಥಾನದಲ್ಲಿ ಒಂದು ಫ್ಲೋರಿನ್ ಹೊತ್ತ ಉಂಗುರವಿದೆ.

ಫ್ಲೋರೊಬೆಂಜೀನ್ ನೇರವಾಗಿ ಕಚ್ಚಾವಸ್ತುವಾಗುವ ಹಳೆಯ ಔಷಧವೆಂದರೆ ಹ್ಯಾಲೊಪೆರಿಡಾಲ್. ಬೆಲ್ಜಿಯಂನ ಪಾಲ್ ಯಾನ್ಸನ್ ಅವರ ತಂಡ 1958ರಲ್ಲಿ ಇದನ್ನು ತಯಾರಿಸಿತು. ಫ್ಲೋರೊಬೆಂಜೀನಿನ ಪ್ಯಾರಾ ಸ್ಥಾನಕ್ಕೆ ನಾಲ್ಕು ಇಂಗಾಲಗಳ ಸರಪಳಿ ಕೂಡಿಸುವುದು ಇದರ ಒಂದು ಹಂತ, ಮೇಲೆ ಹೇಳಿದ ಪ್ಯಾರಾ ಒಲವು ಇಲ್ಲಿ ದುಡಿಯುತ್ತದೆ. ತೀವ್ರ ಮಾನಸಿಕ ಕಾಯಿಲೆಯವರನ್ನು ಸರಪಳಿಯಿಂದ ಬಿಡಿಸಿ ಮನೆಗೆ ಕಳಿಸಲು ಸಾಧ್ಯವಾದದ್ದರ ಹಿಂದೆ ಈ ಔಷಧದ ಪಾಲು ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಅದಿನ್ನೂ ಇದೆ. ಶಿಲೀಂಧ್ರ ಸೋಂಕಿನ ಫ್ಲುಕೊನಜೋಲ್, ಮಧುಮೇಹದ ಸಿಟಾಗ್ಲಿಪ್ಟಿನ್, ಎಚ್‌ಐವಿಯ ಡೊಲುಟೆಗ್ರಾವಿರ್, ಅರೆತಲೆನೋವಿಗೆ ಕೊಡುವ ಫ್ಲುನಾರಿಜಿನ್ ಎಲ್ಲದರಲ್ಲೂ ಫ್ಲೋರಿನ್ ಹೊತ್ತ ಉಂಗುರಗಳಿವೆ. ಬಳಕೆಯಲ್ಲಿರುವ ಔಷಧಗಳಲ್ಲಿ ಸುಮಾರು ಐದನೇ ಒಂದು ಪಾಲಿನಲ್ಲಿ ಫ್ಲೋರಿನ್ ಇದೆ ಎಂಬುದು ಎಲ್ಲರೂ ಒಪ್ಪುವ ಅಂದಾಜು. ಭೂಮಿಯ ಹೊರಪದರದಲ್ಲಿ ಹ್ಯಾಲೊಜನ್‌ಗಳ ಪೈಕಿ ಫ್ಲೋರಿನ್ನೇ ಹೇರಳ. ಆದರೂ ಜೀವಿಗಳು ಇಂಗಾಲ–ಫ್ಲೋರಿನ್ ಬಂಧ ಕಟ್ಟುವುದು ತೀರಾ ಅಪರೂಪ. ಆಫ್ರಿಕಾದ ಒಂದು ವಿಷಸಸ್ಯದಂಥ ಕೆಲವೇ ಕಡೆ ಅದು ಕಾಣುತ್ತದೆ. ಅಲ್ಲೂ ಬೆಂಜೀನ್ ಉಂಗುರದ ಮೇಲಲ್ಲ. ಹಾಗಾಗಿ ಈ ಎಲ್ಲ ಉಂಗುರಗಳೂ ಮನುಷ್ಯರ ಕೈಯವೇ.

ಅವನ್ನು ಮಾಡುವುದು ಹೇಗೆಂಬುದು ಬೇರೆಯೇ ಕಥೆ. 1927ರಲ್ಲಿ ಜರ್ಮನಿಯ ಬಾಲ್ಟ್ಸ್ ಮತ್ತು ಶೀಮನ್ ಡಯಜೋನಿಯಂ ಲವಣವನ್ನು ಫ್ಲೋರೊಬೋರೇಟ್ ರೂಪದಲ್ಲಿ ಒಣಗಿಸಿ ಇಡಬಹುದೆಂದು ಕಂಡುಕೊಂಡರು. ಸಾಮಾನ್ಯ ಡಯಜೋನಿಯಂ ಲವಣಗಳು ಒಣಗಿದರೆ ಸಿಡಿಯುತ್ತವೆ, ಇದು ಬಹಳ ಮಟ್ಟಿಗೆ ತಾಳಿಕೊಳ್ಳುತ್ತದೆ. ನಿಧಾನವಾಗಿ ಕಾಯಿಸಿದರೆ ಸಾರಜನಕವೂ ಬೋರಾನ್ ಟ್ರೈಫ್ಲೋರೈಡೂ ಹೊರಟು ಫ್ಲೋರಿನ್ ಉಂಗುರಕ್ಕೆ ಅಂಟುತ್ತದೆ. ಕಾರ್ಖಾನೆಗಳಲ್ಲಿ ಇದೇ ಕೆಲಸವನ್ನು ನೀರಿಲ್ಲದ ಹೈಡ್ರೋಜನ್ ಫ್ಲೋರೈಡಿನಲ್ಲಿ ಅನಿಲಿನ್ ಬೆರೆಸಿ ಮಾಡುತ್ತಾರೆ. ಇನ್ನೊಂದು ದಾರಿ ಕ್ಲೋರಿನ್ ಕೊಟ್ಟು ಫ್ಲೋರಿನ್ ಪಡೆಯುವ ವಿನಿಮಯ. ನೈಟ್ರೊ ಗುಂಪಿನ ಪಕ್ಕದ ಕ್ಲೋರಿನ್ನನ್ನು ಪೊಟ್ಯಾಸಿಯಂ ಫ್ಲೋರೈಡ್ ಹೊರಗಟ್ಟುವ ಈ ವಿಧಾನವನ್ನು 1956ರಲ್ಲಿ ಫಿಂಗರ್ ಮತ್ತು ಕ್ರೂಸ್ ರೂಢಿಗೆ ತಂದರು. ಗ್ಲೆನ್ ಫಿಂಗರ್ ದುಡಿಯುತ್ತಿದ್ದದ್ದು ಅಮೆರಿಕದ ಇಲಿನಾಯ್ ರಾಜ್ಯದ ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಯಲ್ಲಿ. ಆ ರಾಜ್ಯದ ಗಣಿಗಳಲ್ಲಿ ಫ್ಲೋರೈಟ್ ಅದಿರು ಹೇರಳವಾಗಿತ್ತು, ಅದಕ್ಕೆ ಹೊಸ ಉಪಯೋಗ ಬೇಕಿತ್ತು. ತನ್ನ ನೆಲದ ಕಲ್ಲಿನ ಬೆಲೆ ಹೆಚ್ಚಿಸಲು ಒಂದು ರಾಜ್ಯ ಮೂಲ ಸಂಶೋಧನೆಗೇ ಹಣ ಹಾಕಿದ್ದು ಮೆಚ್ಚುವಂಥ ಮಾತು.

ಎಲ್ಲ ದಾರಿಗಳ ಮೂಲವೂ ಆ ಫ್ಲೋರೈಟ್ ಕಲ್ಲೇ, ಅಂದರೆ ಕ್ಯಾಲ್ಸಿಯಂ ಫ್ಲೋರೈಡ್. ಗಂಧಕಾಮ್ಲ ಸುರಿದರೆ ಹೈಡ್ರೋಜನ್ ಫ್ಲೋರೈಡ್ ಬರುತ್ತದೆ. ಜಗತ್ತಿಗೆ ಇದನ್ನು ಹೆಚ್ಚಾಗಿ ಒದಗಿಸುವುದು ಚೀನಾ, ಮೆಕ್ಸಿಕೊ. ನಮ್ಮಲ್ಲಿ ಗುಜರಾತಿನ ಅಂಬಾಡುಂಗರ್‌ನಲ್ಲಿ ನಿಕ್ಷೇಪವಿದ್ದರೂ ಉದ್ಯಮ ನಡೆಯುವುದು ಬಹುಪಾಲು ಆಮದಿನ ಮೇಲೆ. ಹೈಡ್ರೋಜನ್ ಫ್ಲೋರೈಡ್ ಚರ್ಮ ದಾಟಿ ಒಳಗಿಳಿದು ದೇಹದ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಸುಟ್ಟ ಗಾಯ ಚಿಕ್ಕದಾಗಿ ಕಂಡರೂ ಹೃದಯ ನಿಲ್ಲಬಹುದು. 2012ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಗುಮಿಯಲ್ಲಿ ಇದರ ಸೋರಿಕೆಗೆ ಐವರು ಕಾರ್ಮಿಕರು ಬಲಿಯಾದರು. ಕೊನೆಗೆ ಸಿಗುವ ಮಾತ್ರೆ ಎಷ್ಟೇ ಸೌಮ್ಯವಾಗಿರಲಿ, ಅದರ ಹಿಂದೆ ಈ ಆಮ್ಲದ ಪಕ್ಕ ನಿಂತು ದುಡಿದವರಿದ್ದಾರೆ. ಕಾರ್ಖಾನೆಯಲ್ಲಿ ಈ ಗಾಯಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟುಕುವಲ್ಲಿ ಇದೆಯೇ ಎಂಬುದು ಉತ್ಪಾದನೆಯ ಲೆಕ್ಕಕ್ಕಿಂತ ದೊಡ್ಡ ಪ್ರಶ್ನೆ.

ಹರಳುಗಳ ಲೋಕದಲ್ಲಿ ಈ ಉಂಗುರಗಳು ಎಬ್ಬಿಸಿದ ಚರ್ಚೆ ಸ್ವಾರಸ್ಯದ್ದು. ಆರೂ ಜಲಜನಕಗಳ ಜಾಗಕ್ಕೆ ಫ್ಲೋರಿನ್ ಬಂದರೆ ಹೆಕ್ಸಾಫ್ಲೋರೊಬೆಂಜೀನ್. ಬೆಂಜೀನ್ 5.5 ಡಿಗ್ರಿಯಲ್ಲಿ ಕರಗುತ್ತದೆ, ಇದೂ 5 ಡಿಗ್ರಿ ಚಿಲ್ಲರೆಯಲ್ಲಿ ಕರಗುತ್ತದೆ. ಎರಡನ್ನೂ ಸಮಪ್ರಮಾಣದಲ್ಲಿ ಬೆರೆಸಿದರೆ 24 ಡಿಗ್ರಿಯವರೆಗೂ ಗಟ್ಟಿಯಾಗಿ ನಿಲ್ಲುವ ಹರಳು ಸಿಗುತ್ತದೆ! 1960ರಲ್ಲಿ ಪ್ಯಾಟ್ರಿಕ್ ಮತ್ತು ಪ್ರಾಸರ್ ಇದನ್ನು ವರದಿ ಮಾಡಿದರು. ಬೆಂಜೀನಿನ ಮುಖ ಋಣಾತ್ಮಕ, ಹೆಕ್ಸಾಫ್ಲೋರೊಬೆಂಜೀನಿನ ಮುಖ ಧನಾತ್ಮಕ. ಹಾಗಾಗಿ ಒಂದರ ಮೇಲೊಂದು ಪೇರಿಸಿಕೊಳ್ಳುತ್ತವೆ. ಆದರೆ ಉಂಗುರದ ಫ್ಲೋರಿನ್ ಜಲಜನಕ ಬಂಧಕ್ಕೆ ಒಡ್ಡಿಕೊಳ್ಳುತ್ತದೆಯೇ? ಜ್ಯಾಕ್ ಡುನಿಟ್ಸ್ ಮತ್ತು ರಾಬಿನ್ ಟೇಲರ್ 1997ರಲ್ಲಿ ಸಾವಿರಾರು ಹರಳು ರಚನೆಗಳನ್ನು ಜಾಲಾಡಿ ‘ಇಲ್ಲವೆನ್ನುವಷ್ಟು ಅಪರೂಪ’ ಎಂಬ ನಿಲುವಿಗೆ ಬಂದರು. ಮರುವರ್ಷವೇ ಹೈದರಾಬಾದ್ ವಿಶ್ವವಿದ್ಯಾಲಯದ ಗೌತಮ್ ದೇಸಿರಾಜು, ಅಶ್ವಿನಿ ನಂಗಿಯಾ ಅವರು ಜರ್ಮನ್ ಸಹೋದ್ಯೋಗಿಗಳ ಜೊತೆ ಫ್ಲೋರೊಬೆಂಜೀನನ್ನೂ ಅದರ ಬಳಗದ ಇತರ ಸಂಯುಕ್ತಗಳನ್ನೂ ತಣ್ಣಗೆ ಹರಳುಗಟ್ಟಿಸಿ ನೋಡಿದರು. ಎದುರಿಗೆ ಬಲವಾದ ಪೈಪೋಟಿ ಇಲ್ಲದ ಕಡೆ, ಉಂಗುರದ ಜಲಜನಕಗಳು ಫ್ಲೋರಿನ್ ಕಡೆಗೆ ನಿಶ್ಚಿತವಾಗಿ ವಾಲುತ್ತವೆ ಎಂದು ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ. ಎನ್. ಗುರು ರಾವ್ ಮತ್ತವರ ಶಿಷ್ಯರು ಈ ದುರ್ಬಲ ಸೆಳೆತಗಳ ಬೆನ್ನುಹತ್ತಿ ವರ್ಷಗಟ್ಟಲೆ ಕೆಲಸ ಮಾಡಿದರು. ಎರಡೂ ಪಕ್ಷಗಳು ತಮ್ಮ ತಮ್ಮ ಮಟ್ಟಿಗೆ ಸರಿ ಎಂದೇ ನನಗನ್ನಿಸುತ್ತದೆ. ಒಂದೊಂದು ಸೆಳೆತವೂ ದುರ್ಬಲ, ಬೇರೆ ಬಲಗಳು ಸುಮ್ಮನಿದ್ದಾಗ ಮಾತ್ರ ಅದರ ಮಾತು ನಡೆಯುತ್ತದೆ.

ಉಳಿದ ಉಪಯೋಗಗಳನ್ನು ಬೇಗ ಹೇಳಿಬಿಡಬಹುದು. ಎಲ್‌ಸಿಡಿ ಪರದೆಗಳಲ್ಲಿ ಹಿಂದೆ ಸಯನೊ ಗುಂಪಿನ ದ್ರವಹರಳುಗಳಿದ್ದವು. ಅವು ಅಯಾನ್ ಕಲ್ಮಶಗಳನ್ನು ಹಿಡಿದಿಟ್ಟುಕೊಂಡು ವಿದ್ಯುದಾವೇಶ ಸೋರುವಂತೆ ಮಾಡುತ್ತಿದ್ದವು. ಫ್ಲೋರಿನ್ ಹೊತ್ತ ಉಂಗುರಗಳು ಆ ತೊಂದರೆ ನೀಗಿಸಿದವು. ಮೂರು ಪೆಂಟಾಫ್ಲೋರೊಫೀನೈಲ್ ಗುಂಪುಗಳಿರುವ ಬೋರೇನ್ ಪಾಲಿಥಿನ್ ಉದ್ಯಮದಲ್ಲಿ ಸಹವೇಗವರ್ಧಕ. ಫ್ಲೋರೊಬೆಂಜೀನ್ ಲೋಹದ ಅಯಾನುಗಳಿಗೆ ತೀರಾ ಸಡಿಲವಾಗಿ ಅಂಟುವುದರಿಂದ, ಬೇರೆ ದ್ರಾವಕದಲ್ಲಿ ಉಳಿಯದ ಚುರುಕು ಸಂಯುಕ್ತಗಳನ್ನು ಅದರಲ್ಲಿ ಕರಗಿಸಿ ನೋಡಬಹುದು. ಲಿಥಿಯಂ ಬ್ಯಾಟರಿಯ ದ್ರವವನ್ನು ತೆಳುಗೊಳಿಸಲೂ ಇದನ್ನು ಪ್ರಯತ್ನಿಸುತ್ತಿದ್ದಾರೆ. 110 ನಿಮಿಷಗಳ ಅರ್ಧಾಯುವಿನ ಫ್ಲೋರಿನ್-18 ಅನ್ನು ಉಂಗುರಕ್ಕೆ ಅಂಟಿಸಿದ ಫ್ಲೋರೊಡೋಪಾ ಪಾರ್ಕಿನ್ಸನ್ ರೋಗಿಗಳ ಮಿದುಳಿನ ಸ್ಥಿತಿಯನ್ನು ಪೆಟ್ ಸ್ಕ್ಯಾನ್‌ನಲ್ಲಿ ತೋರಿಸುತ್ತದೆ. ನಮ್ಮ ಮನೆಗಳಲ್ಲಿ ಸಂಜೆ ಪ್ಲಗ್‌ಗೆ ಸಿಕ್ಕಿಸುವ ಸೊಳ್ಳೆ ದ್ರವದಲ್ಲಿರುವ ಟ್ರಾನ್ಸ್‌ಫ್ಲುಥ್ರಿನ್‌ನ ಉಂಗುರದಲ್ಲಿ ನಾಲ್ಕು ಫ್ಲೋರಿನ್‌ಗಳಿವೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಪಾವಗಡ, ಕೋಲಾರ, ರಾಯಚೂರು ಕಡೆಯ ಓದುಗರಿಗೆ ಫ್ಲೋರೈಡ್ ಎಂದರೆ ಕೊಳವೆಬಾವಿಯ ನೀರು, ಕಂದುಗಟ್ಟಿದ ಹಲ್ಲು, ಬಗ್ಗಿದ ಮೂಳೆ. ಅದು ಬಂಡೆಯಿಂದ ನೀರಿಗೆ ಇಳಿದ ಫ್ಲೋರೈಡ್ ಅಯಾನು. ಮಾತ್ರೆಯಲ್ಲಿರುವುದು ಇಂಗಾಲಕ್ಕೆ ಗಟ್ಟಿಯಾಗಿ ಬೆಸೆದ ಫ್ಲೋರಿನ್. ಅಟೋರ್ವಾಸ್ಟಾಟಿನ್ ನುಂಗಿದವರ ಹಲ್ಲು ಕಂದಾಗುವುದಿಲ್ಲ. ಎರಡಕ್ಕೂ ಹೆಸರಿನ ನಂಟು ಬಿಟ್ಟರೆ ದೇಹದಲ್ಲಿ ಬೇರೆ ನಂಟು ಬಹಳ ಕಡಿಮೆ. ಹೆದರಿಕೆಯಿಂದ ಔಷಧ ನಿಲ್ಲಿಸುವವರು ಇದನ್ನು ತಿಳಿಯಬೇಕು.

ಹಾಗೆಂದು ಪರಿಸರದ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಉತ್ತರ ಪೋರ್ಚುಗಲ್‌ನ ಮಲಿನ ನೆಲದಿಂದ ಅಲ್ಲಿನ ವಿಜ್ಞಾನಿಗಳು ಹೆಕ್ಕಿದ ಲ್ಯಾಬ್ರಿಸ್ ಪೋರ್ಚುಕಲೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಫ್ಲೋರೊಬೆಂಜೀನನ್ನೇ ಆಹಾರವಾಗಿ ತಿಂದು ಬದುಕಬಲ್ಲದು. ಉಂಗುರ ಒಡೆದು ಫ್ಲೋರೈಡನ್ನು ಹೊರಬಿಡುತ್ತದೆ. ಮುಂದೆ ಅದು ಸಿಪ್ರೊಫ್ಲಾಕ್ಸಸಿನ್‌ನಂಥ ಔಷಧಗಳನ್ನೂ ಕರಗಿಸಬಲ್ಲದೆಂದು ಗೊತ್ತಾಯಿತು. ಅಂದರೆ ಉಂಗುರದ ಮೇಲಿನ ಒಂಟಿ ಫ್ಲೋರಿನ್ ಪ್ರಕೃತಿಗೆ ಅಜೇಯವಲ್ಲ. ಆದರೆ ಸೂಕ್ಷ್ಮಜೀವಿಗೂ ಒಂದು ಮಿತಿ ಇದೆ. ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿ ಔಷಧ ಕಾರ್ಖಾನೆಗಳ ತ್ಯಾಜ್ಯವನ್ನು ಶುದ್ಧೀಕರಿಸಿ ಹೊರಬಿಟ್ಟ ನೀರಿನಲ್ಲೇ ಲೀಟರಿಗೆ 28ರಿಂದ 31 ಮಿಲಿಗ್ರಾಂ ಸಿಪ್ರೊಫ್ಲಾಕ್ಸಸಿನ್ ಇದ್ದುದನ್ನು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಚಿಕಿತ್ಸೆ ಪಡೆಯುವ ರೋಗಿಯ ರಕ್ತದಲ್ಲಿರುವುದಕ್ಕಿಂತ ಅದು ಹೆಚ್ಚು. ಇಲ್ಲಿ ತಪ್ಪು ಫ್ಲೋರಿನ್‌ನದಲ್ಲ, ಅಷ್ಟನ್ನು ಹಳ್ಳಕ್ಕೆ ಬಿಟ್ಟವರದು.

ನಿಜವಾದ ಚಿಂತೆ ಇರುವುದು ಉಂಗುರಕ್ಕೆ ನೇರ ಅಂಟಿದ ಫ್ಲೋರಿನ್‌ಗಿಂತ ಟ್ರೈಫ್ಲೋರೊಮೀಥೈಲ್ ಗುಂಪಿನಲ್ಲಿ, ಅಂದರೆ ಮೂರು ಫ್ಲೋರಿನ್ ಹೊತ್ತ ಇಂಗಾಲವೊಂದು ಉಂಗುರಕ್ಕೆ ಜೋತುಬಿದ್ದಾಗ. 1898ರಲ್ಲಿ ಬೆಲ್ಜಿಯಂನ ಫ್ರೆಡೆರಿಕ್ ಸ್ವಾರ್ಟ್ಸ್ ತಯಾರಿಸಿದ ಟ್ರೈಫ್ಲೋರೊಟಾಲ್ಯೀನ್ ಈ ಬಳಗದ ಹಿರಿಯ. 102 ಡಿಗ್ರಿಯಲ್ಲಿ ಕುದಿಯುವ ಇದನ್ನು 1990ರ ದಶಕದಲ್ಲಿ ಡೈಕ್ಲೋರೊಮೀಥೇನ್‌ಗೆ ಬದಲಾಗಿ ‘ಹಸಿರು’ ದ್ರಾವಕವೆಂದು ಮುಂದೆ ತಂದರು. ಅದರ ಕ್ಲೋರಿನ್ ಸೋದರನನ್ನು ಬಣ್ಣಗಳ ದ್ರಾವಕವಾಗಿ ಧಾರಾಳವಾಗಿ ಬಳಸಿದರು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬಳಿಕ ಆ ಸೋದರನನ್ನು ಕ್ಯಾನ್ಸರ್ ತರುವ ಸಂಭವವಿರುವ ‘2ಬಿ’ ಗುಂಪಿಗೆ ಸೇರಿಸಿತು. ಈರುಳ್ಳಿ ಬೆಳೆಗಾರರು ಬಲ್ಲ ಆಕ್ಸಿಫ್ಲೋರ್‌ಫೆನ್ ಕಳೆನಾಶಕದಲ್ಲೂ, ಖಿನ್ನತೆಯ ಫ್ಲುಆಕ್ಸಿಟಿನ್ ಮಾತ್ರೆಯಲ್ಲೂ ಇದೇ ಗುಂಪಿದೆ. ಇಂಥ ಹಲವು ಅಣುಗಳು ಬೆಳಕಿಗೋ ಸೂಕ್ಷ್ಮಜೀವಿಗಳಿಗೋ ಸಿಕ್ಕು ಒಡೆದಾಗ ಉಂಗುರ ಹೋಗಿ ಟ್ರೈಫ್ಲೋರೊಅಸೆಟಿಕ್ ಆಮ್ಲ ಉಳಿಯಬಹುದು. ಚಿಕ್ಕ ಅಣು, ನೀರಿನಲ್ಲಿ ಸರಾಗವಾಗಿ ಕರಗುತ್ತದೆ, ಹೆಚ್ಚುಕಡಿಮೆ ಕೊಳೆಯುವುದೇ ಇಲ್ಲ. ನೀರಿನಿಂದ ತೆಗೆಯುವುದು ಬಲು ಕಷ್ಟ.

ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆಯಾದ ಒಇಸಿಡಿ 2021ರಲ್ಲಿ ಕೊಟ್ಟ ವ್ಯಾಖ್ಯೆಯಂತೆ, ಪೂರ್ತಿ ಫ್ಲೋರಿನ್ ತುಂಬಿದ ಒಂದು ಮೀಥೈಲ್ ಅಥವಾ ಮೀಥಿಲೀನ್ ಇಂಗಾಲವಾದರೂ ಇದ್ದರೆ ಅದು ಪಿಎಫ್‌ಎಎಸ್. ಆ ಪ್ರಕಾರ ಫ್ಲೋರೊಬೆಂಜೀನ್ ಅದರಲ್ಲಿಲ್ಲ, ಸಿಪ್ರೊಫ್ಲಾಕ್ಸಸಿನ್ ಇಲ್ಲ, ಟ್ರೈಫ್ಲೋರೊಟಾಲ್ಯೀನ್ ಮತ್ತು ಫ್ಲುಆಕ್ಸಿಟಿನ್ ಇವೆ. ಆರು ಫ್ಲೋರಿನ್‌ಗಳ ಹೆಕ್ಸಾಫ್ಲೋರೊಬೆಂಜೀನ್ ಕೂಡ ಹೊರಗೇ ಉಳಿಯುತ್ತದೆ, ಅದು ಸೂಕ್ಷ್ಮಜೀವಿಗಳಿಗೆ ಸುಲಭದ ತುತ್ತಲ್ಲದಿದ್ದರೂ. ವ್ಯಾಖ್ಯೆ ಒಳ್ಳೆಯ ಜರಡಿ, ಆದರೆ ಅದೇ ತೀರ್ಪಲ್ಲ. 2023ರ ಜನವರಿಯಲ್ಲಿ ಡೆನ್ಮಾರ್ಕ್, ಜರ್ಮನಿ, ನೆದರ್ಲೆಂಡ್ಸ್, ನಾರ್ವೆ, ಸ್ವೀಡನ್ ಸೇರಿ ಯುರೋಪಿನಲ್ಲಿ ಪಿಎಫ್‌ಎಎಸ್‌ಗಳ ಮೇಲೆ ವ್ಯಾಪಕ ನಿರ್ಬಂಧ ಕೋರಿದಾಗ ಔಷಧ ಮತ್ತು ಕೀಟನಾಶಕಗಳ ಸಕ್ರಿಯ ಅಣುಗಳನ್ನು ಹೊರಗಿಟ್ಟರು. ಔಷಧಗಳ ಮಟ್ಟಿಗೆ ಅದು ಸರಿ. ಹೊಲಕ್ಕೆ ಸಿಂಪಡಿಸುವ ಟ್ರೈಫ್ಲೋರೊಮೀಥೈಲ್ ಅಣುಗಳಿಗೆ ಅದೇ ರಿಯಾಯಿತಿ ಕೊಟ್ಟದ್ದನ್ನು ಒಪ್ಪುವುದು ನನಗೆ ಕಷ್ಟ. ಮಾತ್ರೆ ಮಿಲಿಗ್ರಾಂ ಲೆಕ್ಕದಲ್ಲಿ ಒಬ್ಬ ರೋಗಿಗೆ ಹೋಗುತ್ತದೆ. ಕಳೆನಾಶಕ ಎಕರೆಗಟ್ಟಲೆ ಮಣ್ಣಿಗೆ ನೇರ ಬೀಳುತ್ತದೆ.

ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ನಡೆಯುತ್ತದೆ ಎಂದಿದೆ. ಟ್ರೈಫ್ಲೋರೊಅಸೆಟಿಕ್ ಆಮ್ಲದ ಮಾತೇ ಅಲ್ಲಿಲ್ಲ. ಫ್ಲೋರೈಡ್ ಪರೀಕ್ಷೆಯ ಕಿಟ್‌ಗೆ ಅದು ಸಿಕ್ಕುವುದೂ ಇಲ್ಲ, ಅದರ ಫ್ಲೋರಿನ್ ಇಂಗಾಲವನ್ನು ಬಿಟ್ಟು ಬರುವುದಿಲ್ಲವಲ್ಲ. ನಮ್ಮ ವಿಶ್ವವಿದ್ಯಾಲಯಗಳ ರಸಾಯನಶಾಸ್ತ್ರ ವಿಭಾಗಗಳು ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿ ಒಟ್ಟು ಸೇರಿ ಔಷಧ ಕಾರ್ಖಾನೆಗಳಿರುವ ಪ್ರದೇಶಗಳಲ್ಲೂ ಕಳೆನಾಶಕ ಹೆಚ್ಚು ಸಿಂಪಡಿಸುವ ಬಯಲುಗಳಲ್ಲೂ ಕೊಳವೆಬಾವಿಯ ನೀರನ್ನು ತೆಗೆದು ಈ ಆಮ್ಲವನ್ನು ಅಳೆಯಲು ಶುರುಮಾಡಬೇಕು, ಸಿಕ್ಕ ಅಂಕಿಗಳನ್ನು ಕನ್ನಡದಲ್ಲಿ ಊರಿನವರ ಮುಂದಿಡಬೇಕು.